ಫೋನಲ್ಲಿ "ಹೂಂ" ಬಿಟ್ರೆ ಬೇರೆ ಮಾತೇ ಬರಲ್ಲ, ಇದು ಕಾಯಿಲೆನಾ?

ಪ್ರಶ್ನೆ: ನಂಗೆ 25 ವರ್ಷ, ಊರು ಅರಸೀಕೆರೆ ಹತ್ರ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಪಿಜಿಲಿ ಇದೀನಿ. ಚಿಕ್ಕೋಳಿದ್ದಾಗಿಂದ ತುಂಬಾ ನಾಚಿಕೆ. ಮನೆಗೆ ನೆಂಟರು ಬಂದ್ರೆ ಅಡುಗೆಮನೆ ಬಾಗಿಲ ಹಿಂದೆ ನಿಂತ್ಕೋತಿದ್ದೆ, "ಎಂಥ ಒಳ್ಳೆ ಹುಡುಗಿ, ತಲೆ ಎತ್ತಿ ನೋಡಲ್ಲ" ಅಂತ ಎಲ್ರೂ ಹೊಗಳ್ತಿದ್ರು. ಈಗ ಅದೇ ಮುಳುವಾಗಿದೆ. ಬೆಳಗ್ಗೆ ಸ್ಟ್ಯಾಂಡಪ್ ಮೀಟಿಂಗಲ್ಲಿ (ಟೀಮ್‌ನೋರು ಒಬ್ಬೊಬ್ಬರಾಗಿ ತಮ್ಮ ಕೆಲಸ ಎಲ್ಲಿಗೆ ಬಂತು ಅಂತ ಹೇಳೋದು) ನನ್ನ ಸರದಿ ಬರೋವರೆಗೂ ಎದೆ ಡವಡವ ಅಂತಿರುತ್ತೆ, ಬೇರೆಯವರು ಹೇಳಿದ್ದು ಕಿವಿಗೇ ಬೀಳಲ್ಲ. ಈ ಸಲ ಅಪ್ರೈಸಲ್‌ನಲ್ಲಿ "ಕೆಲಸ ಚೆನ್ನಾಗಿದೆ, ವಿಸಿಬಿಲಿಟಿ ಇಲ್ಲ" ಅಂತ ಬರೆದ್ರು. ಎರಡು ತಿಂಗಳ ಹಿಂದೆ ಎಂಗೇಜ್‌ಮೆಂಟ್ ಆಯ್ತು. ಹುಡುಗ ಒಳ್ಳೆಯವರು, ನಂಗೆ ನಿಜವಾಗ್ಲೂ ಇಷ್ಟ. ದಿನಾ ರಾತ್ರಿ ಫೋನ್ ಮಾಡ್ತಾರೆ. ಏನು ಮಾತಾಡ್ಬೇಕು ಅಂತ ಮಧ್ಯಾಹ್ನನೇ ಪೇಪರಲ್ಲಿ ಬರ್ಕೊಂಡಿರ್ತೀನಿ, ಫೋನ್ ಬಂದ್ಮೇಲೆ "ಹೂಂ", "ಊಟ ಆಯ್ತಾ" ಅಷ್ಟೇ. ಮೆಸೇಜಲ್ಲಾದ್ರೆ ಎಷ್ಟು ಬೇಕಾದ್ರೂ ಬರೀತೀನಿ. ಹೋದ ವಾರ ಅವರು "ನಿಂಗೆ ಈ ಮದ್ವೆ ಇಷ್ಟ ಇಲ್ವಾ, ಮನೆಯವರ ಬಲವಂತಕ್ಕೆ ಒಪ್ಕೊಂಡ್ಯಾ" ಅಂತ ಕೇಳ್ಬಿಟ್ರು. ರಾತ್ರಿಯೆಲ್ಲ ಅತ್ತೆ. ಅಮ್ಮನ್ನ ಕೇಳಿದ್ರೆ "ಮದ್ವೆ ಆದ್ಮೇಲೆ ಎಲ್ಲ ಸರಿಹೋಗುತ್ತೆ ಬಿಡು" ಅಂತಾರೆ. ರೂಮ್‌ಮೇಟ್ ಪ್ರೆಸೆಂಟೇಷನ್‌ಗೆ ಮುಂಚೆ ತಾನು ತಗೊಳ್ಳೋ ಪ್ರೊಪ್ರನೊಲಾಲ್ ಅನ್ನೋ ಮಾತ್ರೆ ಕೊಟ್ಟಿದಾಳೆ, ಇನ್ನೂ ತಗೊಂಡಿಲ್ಲ. (ಚಳಿಗಾಲದಲ್ಲಿ ವೀಸಿಂಗ್ ಬರುತ್ತೆ, ಇನ್‌ಹೇಲರ್ ಇದೆ, ಅದು ಬಿಟ್ರೆ ಆರೋಗ್ಯ ಚೆನ್ನಾಗಿದೆ.) ಇದು ಕಾಯಿಲೆನಾ, ಇಲ್ಲ ನಾನು ಇಂಟ್ರೋವರ್ಟಾ? ಅವರಿಗೆ ಹೇಳ್ಬೇಕಾ? ಫೆಬ್ರವರಿಲಿ ಮದ್ವೆ, ರಿಸೆಪ್ಷನ್ ದಿನ ಸ್ಟೇಜ್ ಮೇಲೆ ಮೂರು ಗಂಟೆ ನಿಲ್ಲೋದು ನೆನೆಸ್ಕೊಂಡ್ರೆ ಈಗ್ಲೇ ಕೈಕಾಲು ತಣ್ಣಗಾಗುತ್ತೆ.

ಉತ್ತರ: ಬೇರೆ ಎಲ್ಲದಕ್ಕಿಂತ ಮೊದ್ಲು ಆ ಮಾತ್ರೆ ವಿಷಯ. ಅದನ್ನ ವಾಪಸ್ ಕೊಟ್ಬಿಡಿ. ನೀವು ಬ್ರಾಕೆಟ್ ಒಳಗೆ ಹಾಕಿ ಮುಂದೆ ಹೋಗಿದೀರಲ್ಲ ಆ ವೀಸಿಂಗ್, ನಿಮ್ಮ ಇಡೀ ಪತ್ರದಲ್ಲಿ ನಂಗೆ ಎದೆ ಧಸಕ್ ಅಂದಿದ್ದು ಅಲ್ಲೇ. ಪ್ರೊಪ್ರನೊಲಾಲ್ ಎದೆಬಡಿತ ಇಳಿಸುತ್ತೆ, ಕೈ ನಡುಕ ಕಮ್ಮಿ ಮಾಡುತ್ತೆ, ಹಾಗಾಗಿ ಸ್ಟೇಜ್ ಹತ್ತೋರು, ಭಾಷಣ ಮಾಡೋರು ಕೆಲವರು ಡಾಕ್ಟ್ರನ್ನ ಕೇಳಿ ತಗೋತಾರೆ, ನಿಜ. ಆದ್ರೆ ಉಬ್ಬಸ ಇರೋರಿಗೆ ಅದು ಶ್ವಾಸನಾಳ ಬಿಗಿ ಮಾಡ್ಬಹುದು, ಸಾಲದ್ದಕ್ಕೆ ಆ ಹೊತ್ತಲ್ಲಿ ನೀವು ಇನ್‌ಹೇಲರ್ ಎಳ್ಕೊಂಡ್ರೂ ಅದು ಎಂದಿನ ಹಾಗೆ ಕೆಲಸ ಮಾಡದೇ ಇರ್ಬಹುದು. ರೂಮ್‌ಮೇಟ್ ಒಳ್ಳೆ ಮನಸ್ಸಿಂದ್ಲೇ ಕೊಟ್ಟಿರೋದು, ಅವ್ರ ಮೇಲೆ ಕೋಪ ಬೇಡ. ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಮಾತ್ರೆ ಬರೆಯೋ ಅಧಿಕಾರ ನಂಗಿಲ್ಲ, ಆದ್ರೆ ಪಿಜಿಗಳಲ್ಲಿ ಹಾಸ್ಟೆಲ್‌ಗಳಲ್ಲಿ ಈ ಮಾತ್ರೆ ಚಾಕ್ಲೇಟ್ ಹಂಚಿದ ಹಾಗೆ ಕೈಯಿಂದ ಕೈಗೆ ಹೋಗೋದನ್ನ ನೋಡ್ತಾ ಬಂದಿದೀನಿ, ಅದಕ್ಕೇ ಇಷ್ಟು ಜೋರಾಗಿ ಹೇಳ್ತಿರೋದು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಕಾಯಿಲೆನಾ, ಇಂಟ್ರೋವರ್ಟಾ, ಹೇಳ್ಬೇಕಾ ಅಂತ ಮೂರು ಕೇಳಿದೀರ, ಆದ್ರೆ ನಂಗೆ ಕೇಳಿಸ್ತಿರೋದು ಒಂದೇ ಭಯ. ಒಳಗೆ ಇಷ್ಟೊಂದು ಪ್ರೀತಿ ಇದೆ, ಹೊರಗಿನೋರಿಗೆ ಅದು ತಾತ್ಸಾರದ ಥರ ಕಾಣ್ತಿದೆ, ಹೀಗೇ ಆದ್ರೆ ಅವರು ದೂರ ಆಗ್ಬಿಡ್ತಾರೇನೋ ಅಂತ. ಆಫೀಸಲ್ಲೂ ಅದೇ ಕಥೆ ಅಲ್ವಾ, ಕೆಲಸ ಇದೆ, ಕಾಣಲ್ಲ.

ನಮ್ಮ ಭಾಷೇಲಿ ಒಂದು ಕಷ್ಟ ಇದೆ, ನಾಚಿಕೆ ಅನ್ನೋ ಒಂದೇ ಪದದೊಳಗೆ ಎಷ್ಟೊಂದು ತುಂಬಿಟ್ಟಿದೀವಿ. ಮದುಮಗಳು ತಲೆ ತಗ್ಗಿಸಿದ್ರೂ ನಾಚಿಕೆ, ಅದು ಚೆಂದ. ತಪ್ಪು ಮಾಡಿದೋನಿಗೆ "ನಾಚಿಕೆ ಆಗಲ್ವಾ ನಿಂಗೆ" ಅಂತ ಬೈದ್ರೂ ನಾಚಿಕೆ, ಅದು ಅವಮಾನ. ಹೊಸಬರ ಮುಂದೆ ಬಾಯಿ ಕಟ್ಟೋದು ಸಂಕೋಚ, ಬೇಡ ಅನ್ನೋಕಾಗ್ದೆ ಒಪ್ಕೊಳ್ಳೋದು ದಾಕ್ಷಿಣ್ಯ, ಅದನ್ನೂ ಕೂಡ ಜನ ನಾಚಿಕೆ ಸ್ವಭಾವ ಅಂದ್ಬಿಡ್ತಾರೆ. ಹೀಗೆ ಕಲೆಸಿ ಕಲೆಸಿ ಏನಾಗುತ್ತೆ ಅಂದ್ರೆ ಮಾತು ಬರದೇ ಇದ್ದಾಗ ನೀವು ಏನೋ ತಪ್ಪು ಮಾಡಿದೋರ ಥರ ಒಳಗೊಳಗೇ ಕುಗ್ತೀರ. ನಿಮ್ಮ ಪತ್ರದಲ್ಲೇ "ಸಾರಿ" ಅಂತ ನಾಲ್ಕು ಸಲ ಇತ್ತು, ನಾನು ಮೇಲೆ ಹಾಕೋವಾಗ ತೆಗೆದೆ.

ಇಂಟ್ರೋವರ್ಟ್ ಅನ್ನೋದು ಈಗ ಎಲ್ರೂ ಬಳಸೋ ಪದ, ರೀಲ್ಸ್‌ಗಳ ದಯೆ. ಅದು ಬೇರೆ, ನಾಚಿಕೆ ಬೇರೆ. ಒಂದು ಚಿಕ್ಕ ಪರೀಕ್ಷೆ ಹೇಳ್ತೀನಿ. ಶನಿವಾರ ಸಂಜೆ ಟೀಮ್‌ನೋರ ಜೊತೆ ಊಟಕ್ಕೆ ಹೋಗೋದಿತ್ತು, ಕ್ಯಾನ್ಸಲ್ ಆಯ್ತು ಅಂದ್ಕೊಳ್ಳಿ. ಇಂಟ್ರೋವರ್ಟ್‌ಗೆ ಖುಷಿ ಆಗುತ್ತೆ, ರಾತ್ರಿ ಹತ್ತಕ್ಕೂ ಆ ಖುಷಿ ಹಾಗೇ ಇರುತ್ತೆ, ಪುಸ್ತಕನೋ ಮೊಬೈಲೋ ಹಿಡ್ಕೊಂಡು ಆರಾಮಾಗಿರ್ತಾರೆ. ನಾಚಿಕೆ ಇರೋರಿಗೂ ಮೊದಲ ಅರ್ಧ ಗಂಟೆ "ಸದ್ಯ ಬಚಾವಾದೆ" ಅನ್ಸುತ್ತೆ, ಆಮೇಲೆ ಬೇರೆಯವರ ಸ್ಟೇಟಸಲ್ಲಿ ಫೋಟೋ ನೋಡಿ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಗುತ್ತೆ. ಜನ ಬೇಕು, ಆದ್ರೆ ಜನರ ಹತ್ರ ಹೋಗೋಕೆ ಹೆದರಿಕೆ. ಜನ ಬೇಡ ಅನ್ನೋದೂ ಜನಕ್ಕೆ ಹೆದರೋದೂ ಒಂದೇ ಅಲ್ಲ ಅಂತ ಜೊನಾಥನ್ ಚೀಕ್, ಅರ್ನಾಲ್ಡ್ ಬಸ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 1981ರಲ್ಲೇ ತೋರಿಸಿದ್ರು, ಜನ ಬೇಕು ಅನ್ಸಿಯೂ ನಾಚೋರು ಮಾತಿಗೆ ಕೂತಾಗ ಜಾಸ್ತಿ ಬಿಗಿಯಾಗ್ತಾರೆ ಅಂತ್ಲೂ ಅವರು ಗಮನಿಸಿದ್ರು. ಮೆಸೇಜಲ್ಲಿ ಉದ್ದುದ್ದ ಬರೆಯೋ ನೀವು ಈ ಸಾಲಿನೋರೇ ಅಂತ ನನ್ನ ಅಂದಾಜು, ಹಾಗಾಗಿ "ನಾನು ಇಂಟ್ರೋವರ್ಟ್, ನಾನಿರೋದೇ ಹೀಗೆ" ಅಂತ ಬೋರ್ಡ್ ಹಾಕ್ಕೊಂಡು ಕೂತ್ರೆ ನಷ್ಟ ನಿಮಗೇ.

ಇದು ಎಲ್ಲಿಂದ ಬಂತು ಅಂದ್ರೆ, ಒಂದಿಷ್ಟು ಹುಟ್ಟಿನಿಂದ್ಲೇ. ಹಾರ್ವರ್ಡ್‌ನ ಜೆರೋಮ್ ಕೇಗನ್ ನಾಲ್ಕು ತಿಂಗಳ ಕೂಸುಗಳ ಮುಂದೆ ಹೊಸ ಆಟಿಕೆ ಆಡಿಸಿ, ಹೊಸ ಶಬ್ದ ಕೇಳಿಸಿ ನೋಡಿದ್ರು, ಸುಮಾರು ಐದರಲ್ಲಿ ಒಂದು ಕೂಸು ಕೈಕಾಲು ಬಡಿದು ಅಳ್ತಿತ್ತು. ಅಂಥ ಮಕ್ಕಳು ದೊಡ್ಡವರಾಗ್ತಾ ಹೊಸಬರನ್ನ ಕಂಡ್ರೆ ಹಿಂಜರಿಯೋದು ಜಾಸ್ತಿ. ಆದ್ರೆ ಆ ಮಕ್ಕಳನ್ನ ಕೇಗನ್ ಹದಿಹರೆಯದವರೆಗೂ ಹಿಂಬಾಲಿಸಿದಾಗ ತುಂಬಾ ಜನ ಆ ಪಾಟಿ ಅಂಜುಬುರುಕರಾಗಿ ಉಳಿದಿರ್ಲಿಲ್ಲ. ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರಲ್ಲ, ಈ ವಿಷಯದಲ್ಲಿ ಆ ಗಾದೆ ಅರ್ಧ ಮಾತ್ರ ನಿಜ.

ಇನ್ನೊಂದಿಷ್ಟು ಆ ಅಡುಗೆಮನೆ ಬಾಗಿಲಿಂದ ಬಂದಿದ್ದು. ನಿಮ್ಮನೇಲಿ ಯಾರೂ ಬೈದು ಹೆದರಿಸಿಲ್ಲ, ಹೊಗಳಿ ಹೊಗಳಿ ಕಲಿಸಿದಾರೆ. ತಲೆ ಎತ್ತದೇ ಇದ್ರೆ ಒಳ್ಳೆಯವಳು. ನಂಗೆ ಇಲ್ಲಿ ಚೀನಾದ ಒಂದು ಅಧ್ಯಯನ ಯಾವಾಗ್ಲೂ ನೆನಪಾಗುತ್ತೆ, ಶಿನ್‌ಯಿನ್ ಚೆನ್ ಅನ್ನೋರು ಮಾಡಿದ್ದು. 1990ರಲ್ಲಿ ಶಾಂಘೈ ಶಾಲೆಗಳಲ್ಲಿ ನಾಚಿಕೆ ಇರೋ ಮಕ್ಕಳನ್ನ ಟೀಚರೂ ಮೆಚ್ತಿದ್ರು, ಸಹಪಾಠಿಗಳೂ ಇಷ್ಟಪಡ್ತಿದ್ರು. 2002ರ ಹೊತ್ತಿಗೆ ಅದೇ ಊರು, ಅದೇ ಥರದ ಮಕ್ಕಳು, ಆದ್ರೆ ಅವರನ್ನ ಜೊತೆಗಾರರು ದೂರ ಇಡೋದು ಜಾಸ್ತಿಯಾಗಿತ್ತು, ಮಕ್ಕಳೂ ಬೇಜಾರಲ್ಲಿರ್ತಿದ್ರು. ಮಕ್ಕಳ ಸ್ವಭಾವ ಬದಲಾಗಿರ್ಲಿಲ್ಲ, ಮುಂದೆ ಬಂದು ಮಾತಾಡೋರನ್ನ ಮೆಚ್ಚೋ ಕಾಲ ಬಂದಿತ್ತು. ಶಾಂಘೈಗೆ ಹನ್ನೆರಡು ವರ್ಷ ಹಿಡೀತು, ನಿಮಗೆ ಅರಸೀಕೆರೆ ಸ್ಟೇಷನ್ನಲ್ಲಿ ರೈಲು ಹತ್ತಿ ಬೆಂಗಳೂರಲ್ಲಿ ಇಳಿಯೋ ಮೂರು ಗಂಟೇಲಿ ಅದೇ ಬದಲಾವಣೆ ಆಗ್ಹೋಯ್ತು. ಅಲ್ಲಿ ಯಾವುದಕ್ಕೆ ಭೇಷ್ ಅನ್ಸ್ಕೊಂಡ್ರೋ ಇಲ್ಲಿ ಅದಕ್ಕೇ ಅಪ್ರೈಸಲ್‌ನಲ್ಲಿ ಮಾರ್ಕ್ಸ್ ಕಟ್. ಇದನ್ನ ನಿಮ್ಮ ದೌರ್ಬಲ್ಯ ಅಂತ ಮಾತ್ರ ಓದ್ಕೋಬೇಡಿ ಅಂತ ಇಷ್ಟು ಹೇಳಿದೆ.

ಆದ್ರೆ ಎಲ್ಲಿಂದ ಬಂತು ಅನ್ನೋದಕ್ಕಿಂತ ಈಗ ಅದನ್ನ ಯಾವುದು ಹಿಡಿದಿಟ್ಟಿದೆ ಅನ್ನೋದು ನಂಗೆ ಮುಖ್ಯ. ಉತ್ತರ ನಿಮ್ಮ ಪತ್ರದಲ್ಲೇ ಇದೆ, ಆ ಪೇಪರು.

ಫೋನ್ ಬಂದಾಗ ನೀವು ಏನ್ ಮಾಡ್ತಿರ್ತೀರ ಯೋಚನೆ ಮಾಡಿ. ಒಂದು ಕಣ್ಣು ಪೇಪರ್ ಮೇಲೆ, ಒಂದು ಕಿವಿ ನಿಮ್ಮ ದನಿ ನಡುಗ್ತಿದ್ಯಾ ಅನ್ನೋದರ ಮೇಲೆ, ತಲೆಯೊಳಗೆ "ಈಗ ಮೂರನೇ ಪಾಯಿಂಟ್ ಹೇಳ್ಲಾ, ಅದು ಸಿಲ್ಲಿ ಅನ್ಸುತ್ತಾ". ಪಾಪ ಅವರು ಅವತ್ತು ಆಫೀಸಲ್ಲಿ ಏನಾಯ್ತು ಅಂತ ಹೇಳ್ತಿರ್ತಾರೆ, ಅದನ್ನ ಕೇಳೋಕೆ ನಿಮ್ಮಲ್ಲಿ ಯಾರೂ ಉಳಿದೇ ಇಲ್ಲ. ಕೇಳಿಸ್ಕೊಂಡಿದ್ರೆ ತಾನೇ ಮುಂದಿನ ಮಾತು ಹುಟ್ಟೋದು. ಕೇಳಿಲ್ಲ, ಹಾಗಾಗಿ "ಹೂಂ". ಸ್ಟ್ಯಾಂಡಪ್‌ನಲ್ಲಿ ಬೇರೆಯವರ ಮಾತು ಕಿವಿಗೆ ಬೀಳಲ್ಲ ಅಂದ್ರಲ್ಲ, ಅದೂ ಇದೇ. ಡೇವಿಡ್ ಕ್ಲಾರ್ಕ್, ಏಡ್ರಿಯನ್ ವೆಲ್ಸ್ ಅನ್ನೋ ಮನಶ್ಶಾಸ್ತ್ರಜ್ಞರು 1995ರಲ್ಲಿ ಇದನ್ನ ಬಿಡಿಸಿಟ್ರು. ಗಮನ ಹೊರಗಿಂದ ಒಳಗೆ ತಿರುಗಿಬಿಡುತ್ತೆ, ಆಮೇಲೆ ಮನುಷ್ಯ ಮರ್ಯಾದೆ ಉಳಿಸ್ಕೊಳ್ಳೋಕೆ ಚಿಕ್ಕಚಿಕ್ಕ ಉಪಾಯ ಮಾಡ್ತಾನೆ, ಮಾತನ್ನ ಮೊದ್ಲೇ ಬಾಯಿಪಾಠ ಮಾಡೋದು, ಕ್ಯಾಮೆರಾ ಆಫ್ ಇಡೋದು, ಕಣ್ಣು ತಪ್ಪಿಸೋದು, ಮೊಬೈಲ್ ನೋಡೋ ನಾಟಕ, ಗಂಡು ಹುಡುಗರಾದ್ರೆ ಎರಡು ಬಿಯರ್. ಆ ಹೊತ್ತಿಗೆ ಬಚಾವಾದ ಹಾಗೆ ಅನ್ಸುತ್ತೆ, ಆದ್ರೆ ಭಯ ಸುಳ್ಳು ಅಂತ ಗೊತ್ತಾಗೋ ಅವಕಾಶನೇ ಸಿಗಲ್ಲ, "ಪೇಪರ್ ಇತ್ತು ಅದಕ್ಕೇ ಹೇಗೋ ಆಯ್ತು" ಅಂತಾಗುತ್ತೆ. ರಾತ್ರಿ ಮಲಗಿದ್ಮೇಲೆ ಇನ್ನೊಂದು ಶುರು, ಆಡಿದ ಒಂದೊಂದು ಮಾತನ್ನೂ ರಿವೈಂಡ್ ಮಾಡಿ ತಪ್ಪು ಹುಡುಕೋದು. ನಿದ್ದೆ ಕೆಡೋದು ಅಲ್ಲೇ, ಮರುದಿನ ಇನ್ನಷ್ಟು ಹೆದರೋದೂ ಅಲ್ಲಿಂದ್ಲೇ.

ಇನ್ನು ಎದುರಿಗಿರೋರ ಕಡೆಯಿಂದ ನೋಡಿ. ಅವರಿಗೆ ನಿಮ್ಮ ಎದೆಬಡಿತ ಕೇಳಿಸಲ್ಲ, ಪೇಪರ್ ಕಾಣಲ್ಲ. ಅವರಿಗೆ ಸಿಗೋದು ಚಿಕ್ಕ ಉತ್ತರ, ತಿರುಗಿ ಪ್ರಶ್ನೆ ಇಲ್ಲ, ನಗು ಇಲ್ಲ. ಇಷ್ಟರಲ್ಲಿ ಯಾರೇ ಆದ್ರೂ ಎರಡೇ ಅರ್ಥ ಮಾಡ್ಕೋತಾರೆ, ಜಂಬ ಅಥವಾ ಇಷ್ಟ ಇಲ್ಲ. ನನ್ನ ಹತ್ರ ಬರೋ ಜೋಡಿಗಳಲ್ಲಿ "ಅವಳಿಗೆ ನಾನು ಬೇಡ" ಅಂತ ಒಬ್ಬರು, "ನಾನು ಮಾತಾಡಿದ್ರೆ ಅವನಿಗೆ ಬೋರ್ ಆಗುತ್ತೆ" ಅಂತ ಇನ್ನೊಬ್ಬರು, ಇಬ್ಬರೂ ಒಂದೇ ಸೋಫಾದ ಎರಡು ತುದಿಯಲ್ಲಿ ಕೂತಿರೋದು ಅಪರೂಪ ಏನಲ್ಲ. ಹಾಗಾಗಿ ನಿಮ್ಮ ಹುಡುಗ "ಇಷ್ಟ ಇಲ್ವಾ" ಅಂತ ಕೇಳಿದ್ದಕ್ಕೆ ಅಳೋದು ಬೇಡ. ಊಹೆ ಮಾಡ್ಕೊಂಡು ಮುಖ ಊದಿಸ್ಕೊಂಡು ಕೂರದೇ ನೇರವಾಗಿ ಕೇಳಿದಾರೆ, ನಂಗಂತೂ ಅದು ಒಳ್ಳೆ ಲಕ್ಷಣ ಅನ್ಸ್ತು. ಇನ್ನೊಂದು ವಿಷಯ, ಹೊಸದಾಗಿ ಪರಿಚಯ ಆದೋರು ಮಾತು ಮುಗಿಸಿ ಹೋದ್ಮೇಲೆ ಎದುರಿನೋರು ತಮ್ಮನ್ನ ಎಷ್ಟು ಇಷ್ಟಪಟ್ರು ಅಂತ ಊಹಿಸೋದು ನಿಜಕ್ಕಿಂತ ಕಮ್ಮಿನೇ ಇರುತ್ತೆ. ಎರಿಕಾ ಬೂತ್‌ಬಿ ಮತ್ತು ಜೊತೆಗಾರರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಂದಿದ್ದು ಇದು. ಈ ತಪ್ಪು ಲೆಕ್ಕ ತುಂಬಾ ಜನ ಹಾಕ್ತಾರೆ, ನಾಚಿಕೆ ಇರೋರು ಇನ್ನೂ ಜಾಸ್ತಿ.

ಕಾಯಿಲೆನಾ ಅಂತ ಕೇಳಿದ್ರಿ. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನ ಫಿಲಿಪ್ ಜಿಂಬಾರ್ಡೊ ಅಮೆರಿಕದ ಕಾಲೇಜು ಹುಡುಗ್ರನ್ನ ಕೇಳಿದಾಗ ಸುಮಾರು 40 ಪರ್ಸೆಂಟ್ ಜನ "ಹೌದು, ನಾನು ನಾಚಿಕೆ ಸ್ವಭಾವದೋನು" ಅಂದಿದ್ರು. ಅಮೆರಿಕದೋರೆಲ್ಲ ಲೊಡಲೊಡ ಮಾತಾಡ್ತಾರೆ ಅಂತ ನಾವು ಅಂದ್ಕೊಂಡಿರೋ ದೇಶದಲ್ಲಿ! ಇಷ್ಟೊಂದು ಜನಕ್ಕೆ ಇರೋದನ್ನ ಕಾಯಿಲೆ ಅನ್ನೋಕಾಗಲ್ಲ. ಕಾಯಿಲೆ ಅನ್ನೋ ಮಟ್ಟಕ್ಕೆ ಹೋದ್ರೆ ಅದಕ್ಕೆ ಸೋಷಿಯಲ್ ಆಂಕ್ಸೈಟಿ ಡಿಸಾರ್ಡರ್ ಅಂತಾರೆ, ಅಂದ್ರೆ ಭಯ ಆರು ತಿಂಗಳಿಗಿಂತ ಜಾಸ್ತಿ ಬಿಡದೇ ಇರೋದು, ಆ ಭಯಕ್ಕೇ ಜನರಿರೋ ಸಂದರ್ಭಗಳನ್ನ ತಪ್ಪಿಸ್ಕೊಳ್ಳೋದು ಅಥವಾ ಹಲ್ಲುಕಚ್ಚಿ ಸಹಿಸೋದು, ಅದರಿಂದ ಓದು, ಕೆಲಸ, ಸಂಬಂಧ ಇವುಗಳಿಗೆ ನಿಜವಾದ ಪೆಟ್ಟು ಬೀಳೋದು. ಸಾಮಾನ್ಯವಾಗಿ ಹದಿಹರೆಯದಲ್ಲೇ ಶುರುವಾಗಿರುತ್ತೆ, "ಸ್ವಭಾವನೇ ಹಾಗೆ" ಅಂತ ಮನೆಯೋರೂ ಬಿಟ್ಟಿರ್ತಾರೆ, ಅದು ಇರೋರೂ ಬಿಟ್ಟಿರ್ತಾರೆ. ಪತ್ರ ಓದಿ ಡಯಾಗ್ನೋಸಿಸ್ ಕೊಡೋದು ತಪ್ಪು, ನಾನು ಕೊಡಲ್ಲ. ಆದ್ರೆ ದಿನಾ ಬೆಳಗ್ಗೆ ಎದೆ ಡವಡವ, ದಿನಾ ರಾತ್ರಿ ಪೇಪರು, ಅಪ್ರೈಸಲ್‌ಗೆ ಏಟು, ಇಷ್ಟೆಲ್ಲ ನೋಡಿದ್ರೆ ನೀವು ಗಡಿ ಹತ್ರ ಇದೀರ ಅನ್ಸುತ್ತೆ, ಒಂದ್ಸಲ ಎದುರು ಕೂತು ತೋರಿಸ್ಕೊಳ್ಳೋದು ಸರಿ. ಜೊತೆಗೆ ನೀವು ಬರೆಯದೇ ಇರೋ ಒಂದನ್ನ ನಾನೇ ಕೇಳ್ತೀನಿ. ಊಟ ನಿದ್ದೆ ಕೆಟ್ಟಿದ್ಯಾ, ಇಷ್ಟವಾಗಿದ್ದ ಕೆಲಸಗಳೂ ಬೇಡ ಅನ್ಸುತ್ತಾ, ಬದುಕಿ ಏನು ಪ್ರಯೋಜನ ಅಂತ ಯಾವತ್ತಾದ್ರೂ ಅನ್ಸಿದ್ಯಾ? ಹೌದು ಅಂದ್ರೆ ಫೆಬ್ರವರಿವರೆಗೂ ಕಾಯೋದಲ್ಲ, ಈ ವಾರವೇ ಹೋಗಿ. ವರ್ಷಗಟ್ಟಲೆ ಒಂಟಿಯಾಗಿ ಒದ್ದಾಡಿದೋರಿಗೆ ಖಿನ್ನತೆ ಸದ್ದಿಲ್ದೆ ಜೊತೆಗೂಡುತ್ತೆ.

ಅಮ್ಮ ಹೇಳೋ "ಮದ್ವೆ ಆದ್ಮೇಲೆ ಸರಿಹೋಗುತ್ತೆ" ಬಗ್ಗೆ. ಅವರ ಕಾಲಕ್ಕೆ ಅದು ಸುಳ್ಳೂ ಅಲ್ಲ, ಕೂಡುಕುಟುಂಬದಲ್ಲಿ ಗಂಡ ಹೆಂಡ್ತಿ ಇಬ್ಬರೇ ಕೂತು ಮಾತಾಡ್ಬೇಕಾದ ಸಂದರ್ಭವೇ ಕಮ್ಮಿ ಇತ್ತು. 1950ರ ದಶಕದಲ್ಲಿ ಹುಟ್ಟಿದ ಸ್ವೀಡನ್ ಮಕ್ಕಳನ್ನ ಮೂವತ್ತು ದಾಟೋವರೆಗೂ ನೋಡ್ಕೊಂಡು ಬಂದ ಒಂದು ಅಧ್ಯಯನ ಇದೆ. ನಾಚಿಕೆ ಗಂಡುಮಕ್ಕಳಿಗೆ ಮದುವೆ ತಡ ಆಯ್ತು, ಮಕ್ಕಳೂ ತಡ. ನಾಚಿಕೆ ಹೆಣ್ಣುಮಕ್ಕಳಿಗೆ ಮದುವೆಯೇನೋ ಎಲ್ರ ಹಾಗೆ ಟೈಮಿಗೇ ಆಯ್ತು, ಆದ್ರೆ ಓದು ಮಾತ್ರ ಬೇರೆಯವರಿಗಿಂತ ಕಮ್ಮಿಗೇ ನಿಂತಿತ್ತು. ನಂಗೆ ಇದು ಯಾಕೆ ಮುಖ್ಯ ಅಂದ್ರೆ ಹೆಣ್ಣಿನ ನಾಚಿಕೆ ಮನೆಯೋರ ಕಣ್ಣಿಗೆ ಸಮಸ್ಯೆ ಅಂತ ಕಾಣೋದೇ ಇಲ್ಲ, ಮದುವೆ ನಿಂತ್ರೆ ತಾನೇ ಕಾಣೋದು! ಕಳ್ಕೊಂಡಿದ್ದು ಓದು, ಪ್ರಮೋಷನ್, ಕೇಳದೇ ಬಿಟ್ಟ ಸಂಬಳ. ಅದನ್ನ ಯಾರೂ ಲೆಕ್ಕ ಇಡಲ್ಲ. ಮದುವೆಯಾದ್ರೆ ನಿಮ್ಮ ಹುಡುಗನ ಜೊತೆ ಸಲುಗೆ ಬೆಳೆಯುತ್ತೆ, ಮಾತೂ ಬರುತ್ತೆ, ಅಷ್ಟು ಮಟ್ಟಿಗೆ ಅಮ್ಮ ಸರಿ. ಅತ್ತೆ ಮನೆಯಲ್ಲಿ ಬೇಡ ಅನ್ನೋಕೆ, ಬೇಕು ಅನ್ನೋಕೆ, ನೋವಾಯ್ತು ಅಂತ ಹೇಳೋಕೆ ತಾಳಿ ಕಲಿಸಲ್ಲ.

ಹಾಗಾದ್ರೆ ಏನು ಮಾಡ್ಬಹುದು. ಅವರಿಗೆ ಹೇಳ್ಬೇಕಾ ಅಂದ್ರೆ ನನ್ನ ಉತ್ತರ ಹೌದು, ಅದೂ ಈ ವಾರವೇ, ಅದೂ ಮೆಸೇಜಲ್ಲಿ. ಬಾಯಲ್ಲೇ ಹೇಳ್ಬೇಕು ಅನ್ನೋ ಹಠ ಬೇಡ, ನಿಮಗೆ ಬರವಣಿಗೆ ಬರುತ್ತೆ, ಅದನ್ನೇ ಬಳಸಿ. ಪ್ರಬಂಧ ಬೇಡ. "ನೀವು ಅವತ್ತು ಕೇಳಿದ್ರಲ್ಲ, ನಂಗೆ ಈ ಮದ್ವೆ ಇಷ್ಟ, ನೀವು ಇಷ್ಟ. ಫೋನಲ್ಲಿ ನಂಗೆ ಟೆನ್ಷನ್ ಆಗಿ ಮಾತು ನಿಂತ್ಹೋಗುತ್ತೆ, ಚಿಕ್ಕೋಳಿದ್ದಾಗಿಂದ ಹೀಗೇ. ನಾನು ಸುಮ್ನಿದ್ರೆ ಬೇಜಾರು ಅಂತ ಅಂದ್ಕೋಬೇಡಿ, ಸ್ವಲ್ಪ ಟೈಮ್ ಕೊಡಿ" ಇಷ್ಟು ಸಾಕು, ನಿಮ್ಮದೇ ಮಾತಲ್ಲಿ ಬರೀರಿ. ರಿಸ್ಕ್ ಇಲ್ವಾ ಅಂದ್ರೆ ಇದೆ. ಅವರು ಅದನ್ನ ಅವರಮ್ಮನಿಗೆ ಹೇಳ್ಬಹುದು, "ಹುಡುಗಿಗೆ ಏನೋ ಪ್ರಾಬ್ಲಂ ಇದೆಯಂತೆ" ಅಂತ ಮಾತು ಬೆಳೀಬಹುದು, ಅದಕ್ಕೇ ಕಾಯಿಲೆ, ಡಿಸಾರ್ಡರ್ ಅನ್ನೋ ಪದ ಯಾರೂ ಪರೀಕ್ಷೆ ಮಾಡದೇ ನೀವೇ ಬಳಸ್ಬೇಡಿ, ಇದು ನಮ್ಮಿಬ್ಬರ ಮಧ್ಯೆ ಇರ್ಲಿ ಅಂತ್ಲೂ ಸೇರಿಸಿ. ಅಥವಾ ಅವರು ತುಂಬಾ ಉತ್ಸಾಹದಲ್ಲಿ "ನಾನು ಸರಿ ಮಾಡ್ತೀನಿ" ಅಂತ ದಿನಾ ಸ್ನೇಹಿತರ ಗುಂಪಿಗೆ ವಿಡಿಯೋ ಕಾಲ್ ಸೇರಿಸೋಕೆ ಶುರು ಮಾಡ್ಬಹುದು, ಆಗ ಬೇಡ ಅನ್ನಿ, ದಾಕ್ಷಿಣ್ಯಕ್ಕೆ ಬಿದ್ದು ಒಪ್ಕೋಬೇಡಿ. ತಿಳಿಸಿದ್ಮೇಲೂ ಗೇಲಿ ಮಾಡಿದ್ರೆ, ನಾಲ್ಕು ಜನರ ಮುಂದೆ "ನಮ್ಮೋಳು ಮೂಗಿ" ಅಂದ್ರೆ, ಮದುವೆಗೆ ಮುಂಚೆನೇ ಗೊತ್ತಾಗಿದ್ದು ಒಳ್ಳೇದಾಯ್ತು ಅಂತ ನಾನು ಹೇಳ್ತೀನಿ.

ಫೋನಿಗೆ ಪೇಪರ್ ಬೇಡ. ಒಂದೇ ಸಲಕ್ಕೆ ಬಿಡೋಕಾಗಲ್ಲ ಅಂದ್ರೆ ಮೊದಲ ವಾರ ಎರಡೇ ಸಾಲು ಬರೀರಿ, ಆಮೇಲೆ ಖಾಲಿ ಕೈ. ಕೂತು ಮಾತಾಡೋ ಬದಲು ಟೆರೇಸ್ ಮೇಲೆ ಓಡಾಡ್ತಾ ಮಾತಾಡಿ, ಬಟ್ಟೆ ಮಡಿಸ್ತಾ ಮಾತಾಡಿ. ಅರ್ಧ ಗಂಟೆ ಬೇಡ, ಹತ್ತು ನಿಮಿಷ ಅಂತ ಮೊದ್ಲೇ ಹೇಳ್ಕೊಳ್ಳಿ. ಆ ಹತ್ತು ನಿಮಿಷ ಒಂದೇ ಕೆಲಸ, ಅವರು ಹೇಳಿದ್ದರಲ್ಲಿ ಒಂದು ಪದ ಹಿಡಿದು ಅದರ ಬಗ್ಗೆ ಕೇಳೋದು. "ಇವತ್ತು ಮ್ಯಾನೇಜರ್ ಮತ್ತೆ ಕಿರಿಕ್" ಅಂದ್ರಾ, "ಮತ್ತೆ ಅಂದ್ರೆ? ಮುಂಚೆ ಏನ್ ಮಾಡಿದ್ದ?" ಅಷ್ಟೇ. ಮಾತಾಡೋಕೆ ಬರ್ಬೇಕು ಅನ್ನೋದು ಆಮೇಲೆ, ಕೇಳೋಕೆ ಬಿಡುವು ಮಾಡ್ಕೊಳ್ಳಿ. ಮಧ್ಯೆ ಮೌನ ಬಂದ್ರೆ ಬರ್ಲಿ, ಹತ್ತು ಎಣಿಸೋವರೆಗೂ ತುಂಬೋಕೆ ಹೋಗ್ಬೇಡಿ, ಅದೂ ಅಭ್ಯಾಸನೇ.

ಆಫೀಸಿಗೆ ಬೇರೆ ದಾರಿ. ಮೊದ್ಲು ಒಂದನ್ನ ಬಿಡಿಸ್ಕೊಳ್ಳಿ, ನಿಮ್ಮ ಕಷ್ಟ ಇಂಗ್ಲಿಷ್‌ದಾ ಭಯದ್ದಾ? ಕನ್ನಡ ಮೀಡಿಯಂನಿಂದ ಬಂದ ಎಷ್ಟೋ ಜನ ಇವೆರಡನ್ನ ಗಂಟು ಹಾಕ್ಕೊಂಡಿರ್ತಾರೆ. ಕನ್ನಡದೋರೇ ಇರೋ ಟೀ ಬ್ರೇಕಲ್ಲಿ ಸಲೀಸಾಗಿ ಮಾತು ಬಂದು ಮೀಟಿಂಗಲ್ಲಿ ಮಾತ್ರ ನಿಂತ್ರೆ ಭಾಷೆ ಅಭ್ಯಾಸ ಸಹಾಯ ಆಗುತ್ತೆ. ಟೀ ಬ್ರೇಕಲ್ಲೂ ಬಾಯಿ ಕಟ್ಟಿದ್ರೆ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಸುರಿದು ಪ್ರಯೋಜನ ಇಲ್ಲ. ನೀವು ಹುಡುಗನ ಜೊತೆ ಕನ್ನಡದಲ್ಲೇ ತಡವರಿಸ್ತೀರಲ್ಲ, ಹಾಗಾಗಿ ನಂಗೆ ಎರಡನೇದೇ ಅನ್ಸುತ್ತೆ. ಸ್ಟ್ಯಾಂಡಪ್‌ನಲ್ಲಿ ಕೊನೇ ಸರದಿಗೆ ಕಾಯೋದೇ ಅರ್ಧ ಹಿಂಸೆ, "ನಾನು ಮೊದ್ಲು ಹೇಳ್ಬಿಡ್ಲಾ" ಅಂತ ಮ್ಯಾನೇಜರ್‌ಗೆ ಮೆಸೇಜ್ ಹಾಕಿ ಎರಡು ವಾರ ಮೊದಲಿಗರಾಗಿ, ಆಮೇಲೆ ಬೇಕಂತಲೇ ಮಧ್ಯಕ್ಕೆ, ಆಮೇಲೆ ಕೊನೇಗೆ. ಸರದಿ ಮುಗಿದ್ಮೇಲೆ ಬೇರೆ ಒಬ್ಬರ ಕೆಲಸದ ಬಗ್ಗೆ ಒಂದೇ ಒಂದು ಪ್ರಶ್ನೆ. ಹೊರಗೂ ಚಿಕ್ಕಚಿಕ್ಕದು ಹುಡುಕಿ, ದರ್ಶಿನಿಯಲ್ಲಿ ಚಟ್ನಿ ಇನ್ನೊಂದ್ಸಲ ಕೇಳೋದು, ಆ್ಯಪ್ ಬಿಟ್ಟು ಅಂಗಡಿಗೆ ಫೋನ್ ಮಾಡಿ ಆರ್ಡರ್ ಕೊಡೋದು, ಬಟ್ಟೆ ಅಂಗಡೀಲಿ ಹತ್ತು ತೆಗೆಸಿ ನೋಡಿ ಏನೂ ಕೊಳ್ಳದೇ ಎದ್ದು ಬರೋದು. ಕೊನೇದು ನಂಗೂ ಇವತ್ತಿಗೂ ಕಷ್ಟ, ಒಪ್ಕೋತೀನಿ. ಒಂದನ್ನೇ ಬೋರ್ ಆಗೋವರೆಗೂ ಮಾಡ್ಬೇಕು, ಎರಡು ಸಲ ಮಾಡಿ "ಭಯ ಹೋಗ್ಲಿಲ್ಲ" ಅಂದ್ರೆ ಆಗಲ್ಲ. ಶುರುವಿನಲ್ಲಿ ಭಯ ಇನ್ನೂ ಜಾಸ್ತಿ ಆಗುತ್ತೆ, ಅದು ಕೆಟ್ಟಿದೆ ಅಂತಲ್ಲ. ಆದ್ರೆ ಎರಡು ದಿನದಲ್ಲಿ ಭಯ ಓಡಿಸ್ತೀವಿ ಅಂತ ಮೈಕ್ ಕೊಟ್ಟು ಇನ್ನೂರು ಜನರ ಮುಂದೆ ನಿಲ್ಲಿಸೋ ವ್ಯಕ್ತಿತ್ವ ವಿಕಸನ ಶಿಬಿರಗಳಿಂದ ದೂರ ಇರಿ, ಅಲ್ಲಿ ಕುಸಿದು ಬಂದೋರನ್ನ ಮತ್ತೆ ಎತ್ತಿ ನಿಲ್ಲಿಸೋಕೆ ನಂಗೆ ತಿಂಗಳುಗಟ್ಟಲೆ ಹಿಡಿದಿದೆ.

ಇದನ್ನೇ ಒಬ್ಬರ ಸಹಾಯದಿಂದ, ಕ್ರಮವಾಗಿ ಮಾಡೋದಕ್ಕೆ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಅಂತಾರೆ. ವಾರಕ್ಕೊಂದರ ಹಾಗೆ 12ರಿಂದ 16 ಸಿಟ್ಟಿಂಗ್ ಆಗುತ್ತೆ, ಸೋಷಿಯಲ್ ಆಂಕ್ಸೈಟಿಗೆ ಮೊದಲ ಆಯ್ಕೆ ಇದೇ. ತೊಂದರೆ ಅಂದ್ರೆ ಖರ್ಚು, ಟೈಮು, ಮನೆಪಾಠ ಮಾಡ್ದೆ ಬರೀ ಬಂದು ಮಾತಾಡಿ ಹೋದ್ರೆ ಏನೂ ಆಗಲ್ಲ ಅನ್ನೋದು. ಕೌನ್ಸೆಲರ್ ಅಂತ ಬೋರ್ಡ್ ಹಾಕ್ಕೊಂಡೋರು ತುಂಬಾ ಜನ ಇದಾರೆ, ಕ್ಲಿನಿಕಲ್ ಸೈಕಾಲಜಿಸ್ಟ್ ಆದ್ರೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ನೋಂದಣಿ ಇದ್ಯಾ ಅಂತ ಕೇಳಿ, ಕೇಳೋಕೆ ಸಂಕೋಚ ಆಗುತ್ತೆ ಗೊತ್ತು, ಅದನ್ನೂ ಅಭ್ಯಾಸದ ಲೆಕ್ಕಕ್ಕೆ ಹಾಕ್ಕೊಳ್ಳಿ. ಬೆಂಗಳೂರಲ್ಲಿ ನಿಮ್ಹಾನ್ಸ್ ಇದೆ, ಊರ ಕಡೆ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗ ಇದೆ. ಎಲ್ಲಿಗೂ ಹೋಗೋಕೆ ಧೈರ್ಯ ಇಲ್ಲ ಅಂದ್ರೆ 14416, ಟೆಲಿ ಮಾನಸ್, ಸರ್ಕಾರದ್ದು, 2022ರಿಂದ ಇದೆ, ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ. ಫೋನ್ ಅಂದ್ರೇ ಭಯ ಇರೋರಿಗೆ ಫೋನ್ ಮಾಡಿ ಅಂತಿದೀನಿ ಅಂತ ನಗಬೇಡಿ, ಆ ಕಡೆ ಇರೋರಿಗೆ ಮೌನ ಹೊಸದಲ್ಲ.

ಮಾತ್ರೆ ಬೇಕಾ ಅನ್ನೋದನ್ನ ಸೈಕಿಯಾಟ್ರಿಸ್ಟ್ ನಿಮ್ಮನ್ನ ನೋಡಿ ಹೇಳ್ಬೇಕು. ಇದಕ್ಕೆ ಸಾಮಾನ್ಯವಾಗಿ ಕೊಡೋದು ಎಸ್ಸಿಟಲೋಪ್ರಾಮ್, ಸರ್ಟ್ರಲೀನ್ ಥರದ್ದು. ಅಡಿಕ್ಷನ್ ಆಗ್ಬಿಡುತ್ತೆ ಅನ್ನೋ ಹೆದರಿಕೆ ಇವುಗಳ ಬಗ್ಗೆ ಬೇಡ, ಆದ್ರೆ ಗುಣ ಕಾಣೋಕೆ ವಾರಗಳು ಬೇಕು, ಶುರುವಿನಲ್ಲಿ ವಾಕರಿಕೆ, ಸ್ವಲ್ಪ ತಳಮಳ ಬರ್ಬಹುದು, ಲೈಂಗಿಕ ಆಸಕ್ತಿ ಕಮ್ಮಿ ಆಗೋದೂ ಉಂಟು. ಹೊಸದಾಗಿ ಮದುವೆ ಆಗೋರಿಗೆ ಇದನ್ನ ಮೊದ್ಲೇ ಹೇಳ್ಬೇಕು, ಯಾರೂ ಹೇಳಲ್ಲ, ಆಮೇಲೆ ಅದಕ್ಕೂ "ಇಷ್ಟ ಇಲ್ವಾ" ಅನ್ನೋ ಪ್ರಶ್ನೆ ಬರುತ್ತೆ. ಮಗು ಬೇಗ ಬೇಕು ಅನ್ನೋ ಪ್ಲಾನ್ ಇದ್ರೆ ಡಾಕ್ಟರ್‌ಗೆ ತಿಳಿಸಿ, ನಿಮ್ಮಷ್ಟಕ್ಕೆ ನೀವೇ ದಿಢೀರ್ ಅಂತ ನಿಲ್ಲಿಸ್ಬೇಡಿ. ಆಲ್ಪ್ರಜೋಲಾಮ್ ಥರದ್ದು ಅರ್ಧ ಗಂಟೇಲಿ ತಣ್ಣಗೆ ಮಾಡುತ್ತೆ, ಅಷ್ಟೇ ಬೇಗ ಅಭ್ಯಾಸನೂ ಆಗುತ್ತೆ, ಯಾರೋ ಕೊಟ್ರು ಅಂತ ಅದನ್ನಂತೂ ಮುಟ್ಬೇಡಿ.

ಇನ್ನು ರಿಸೆಪ್ಷನ್. ಕಾರ್ನೆಲ್‌ನ ಥಾಮಸ್ ಗಿಲೊವಿಚ್ ಒಂದು ತಮಾಷೆ ಪ್ರಯೋಗ ಮಾಡಿದ್ರು, 2000ದಲ್ಲಿ ಪ್ರಕಟವಾಯ್ತು. ಹಾಕ್ಕೊಳ್ಳೋಕೆ ಮುಜುಗರ ಆಗೋ ಒಬ್ಬ ಗಾಯಕನ ಚಿತ್ರ ಇರೋ ಟೀಶರ್ಟ್ ತೊಡಿಸಿ ಒಬ್ಬೊಬ್ಬ ವಿದ್ಯಾರ್ಥಿನ ಜನ ಕೂತಿರೋ ರೂಮಿಗೆ ಕಳಿಸಿದ್ರು. ಅರ್ಧದಷ್ಟು ಜನ ಗಮನಿಸಿರ್ತಾರೆ ಅಂತ ಹಾಕ್ಕೊಂಡೋರು ಅಂದ್ಕೊಂಡ್ರು, ನಿಜವಾಗಿ ಗಮನಿಸಿದ್ದು ಹೆಚ್ಚುಕಮ್ಮಿ ಕಾಲುಭಾಗ. ನಮ್ಮ ಮದುವೆ ಮನೆಗಳಲ್ಲಿ ಇನ್ನೂ ಕಮ್ಮಿ ಇರುತ್ತೆ ಅಂತ ನನ್ನ ಸ್ವಂತ ಲೆಕ್ಕ. ಸ್ಟೇಜ್ ಹತ್ತೋರು ಒಬ್ಬೊಬ್ಬರೂ ನಿಮ್ಮ ಮುಂದೆ ಇರೋದು ಹದಿನೈದು ಸೆಕೆಂಡು, ಕವರ್ ಕೊಡ್ತಾರೆ, "ಚೆನ್ನಾಗಿರಿ" ಅಂತಾರೆ, ಕ್ಯಾಮೆರಾ ಕಡೆ ತಿರುಗ್ತಾರೆ, ನೀವು "ಊಟ ಮಾಡ್ಕೊಂಡು ಹೋಗಿ" ಅಂದ್ರೆ ಆಯ್ತು, ಮೂರು ಗಂಟೆಗೂ ಅದೊಂದೇ ವಾಕ್ಯ ಸಾಕು. ಲೈನ್ ಖಾಲಿಯಾದಾಗ ಕೂತ್ಕೊಳ್ಳಿ, ಇನ್‌ಹೇಲರ್ ತಂಗಿನೋ ಗೆಳತಿನೋ ಯಾರ ಹತ್ರ ಇದೆ ಅಂತ ಗೊತ್ತಿರ್ಲಿ, ತಲೆ ಕೆಟ್ರೆ ನಿಮ್ಮ ಎದೆಬಡಿತ ನೋಡೋ ಬದಲು ಬಂದೋರ ಸೀರೆ ಬಾರ್ಡರ್ ನೋಡಿ. ಅವರಂತೂ ನಿಮ್ಮ ಕಡೆ ನೋಡ್ತಿರಲ್ಲ, ಎರಡನೇ ಪಂಕ್ತಿ ಎದ್ದಿದ್ಯಾ ಅಂತ ಡೈನಿಂಗ್ ಹಾಲ್ ಕಡೆ ನೋಡ್ತಿರ್ತಾರೆ.